ಮಲಗಲು ಜಾಗವಿಲ್ಲದ ಕಾರು

ಕಾರು ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಮೈಲೇಜ್ ಕೇಳುತ್ತಾರೆ, ಡಿಕ್ಕಿ ತೆಗೆಸಿ ಒಳಗೆ ಇಣುಕುತ್ತಾರೆ. ನಿಧಾನಪ್ಪ ನೋಡಿದ್ದು ಒಂದೇ ಒಂದು ವಿಷಯ. ಇದರಲ್ಲಿ ಒಬ್ಬ ಮನುಷ್ಯನನ್ನು ಉದ್ದಕ್ಕೆ ಮಲಗಿಸಲು ಸಾಧ್ಯವೋ ಇಲ್ಲವೋ? ಸಾಧ್ಯವಿದ್ದರೆ ಆ ಕಾರು ಬೇಡ.

ನಗಬೇಡಿ. ಮೂವತ್ತು ಚಿಲ್ಲರೆ ವರ್ಷ ಶವದ ಗಾಡಿ ಓಡಿಸಿದವನ ಸಂಕಟ ನಿಮಗೇನು ಗೊತ್ತು? ನಿಧಾನಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಆ ಕೆಲಸದ ಮರ್ಯಾದೆಯೇ ನಿಧಾನ. ಹಾರ್ನ್ ಹೊಡೆಯುವಂತಿಲ್ಲ. ಯಾರನ್ನೂ ದಾಟಿ ಮುಂದೆ ನುಗ್ಗುವಂತಿಲ್ಲ. ಬ್ರೇಕ್ ಹಾಕಿದರೆ ಹಾಕಿದ್ದೇ ಗೊತ್ತಾಗಬಾರದು. ನಡೆಯುವವರ ಹೆಜ್ಜೆಯ ವೇಗದಲ್ಲೇ ಗಾಡಿ ಸಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣು ಸದಾ ಕನ್ನಡಿಯಲ್ಲಿರಬೇಕು. ಹಿಂದೆ ನಡೆದು ಬರುವವರಲ್ಲಿ ಮುದುಕರಿರುತ್ತಾರೆ, ಅತ್ತು ಸುಸ್ತಾದವರಿರುತ್ತಾರೆ. ಅವರಲ್ಲಿ ಒಬ್ಬರು ಹಿಂದೆ ಬಿದ್ದರೂ ಗಾಡಿ ಇನ್ನಷ್ಟು ನಿಧಾನವಾಗಬೇಕು. ಅವನ ಪಕ್ಕದ ಸೀಟಿನ ಮೇಲೆ ಹೂವಿನ ಹಾರಗಳನ್ನು ಇಡುತ್ತಿದ್ದರೇ ಹೊರತು, ಮನುಷ್ಯರು ಅಂತ ಯಾರೂ ಕೂತವರಲ್ಲ.

ಅವನ ಹೆಂಡತಿಯೂ ಕೂತವಳಲ್ಲ. ಹೆಣ ಸಾಗಿಸುವ ಗಾಡಿಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸಿನಿಮಾಕ್ಕೆ ಹೋಗಲಾದೀತೇ? ಬೇರೆ ಗಾಡಿ ಅವನ ಬಳಿ ಇರಲಿಲ್ಲ. ಎಲ್ಲಿಗೆ ಹೋದರೂ ಇಬ್ಬರೂ ಬಸ್ಸು ಹತ್ತಿದರು, ಬಸ್ಸಿಲ್ಲದ ಕಡೆ ನಡೆದರು. ಎಷ್ಟೋ ಸಲ ಅವನಿಗೆ ರಜೆಯೇ ಸಿಗದೆ ಅವಳೊಬ್ಬಳೇ ಹೋಗಿ ಬಂದಳು. ಸಾವಿಗೆ ಭಾನುವಾರ ಗೊತ್ತಿಲ್ಲವಲ್ಲ. ಈ ವರ್ಷ ಗಾಡಿಯನ್ನೂ ಕೆಲಸವನ್ನೂ ತಂಗಿಯ ಮಗನಿಗೆ ವಹಿಸಿ ಕೈ ತೊಳೆದುಕೊಂಡ ಮೇಲೆ ನಿಧಾನಪ್ಪನಿಗೆ ಉಳಿದ ಆಸೆ ಒಂದೇ. ತಾನು ಓಡಿಸುವ ಗಾಡಿಯಲ್ಲಿ ಹೆಂಡತಿ ಪಕ್ಕದಲ್ಲಿ ಕೂರಬೇಕು. ಹಾಗಂತ ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ, ಅವಳಿಗಂತೂ ಮೊದಲೇ ಇಲ್ಲ.

ಶೋರೂಮಿನ ಸೇಲ್ಸ್‌ಮನ್ ಟೈ ಕಟ್ಟಿದ ಲವಲವಿಕೆಯ ಆಸಾಮಿ. ವಯಸ್ಸಾದವರು, ಸಂಸಾರಸ್ಥರು ಎಂದು ಲೆಕ್ಕ ಹಾಕಿ ಒಂದು ದೊಡ್ಡ ಕಾರಿನ ಹತ್ತಿರ ಕರೆದುಕೊಂಡು ಹೋದ. ಹಿಂದಿನ ಬಾಗಿಲು ಮೇಲೆತ್ತಿದ, ಯಾವುದೋ ಪಟ್ಟಿ ಎಳೆದ. ಹಿಂದಿನ ಸೀಟು ಮಡಚಿಕೊಂಡು ಹಾಸಿಗೆಯ ಹಾಗೆ ಚಪ್ಪಟೆಯಾಯಿತು.

"ನೋಡಿ ಸರ್, ಆರಡಿ ಉದ್ದ ಇದ್ರೂ ಆರಾಮಾಗಿ ಹಿಡಿಸುತ್ತೆ!"

ನಿಧಾನಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಸೇಲ್ಸ್‌ಮನ್ ಇನ್ನೊಂದು ತೋರಿಸಿದ, ಅದೂ ಮಡಚಿಕೊಂಡಿತು. ಮತ್ತೊಂದರದ್ದಂತೂ ಗುಂಡಿ ಒತ್ತಿದರೆ ತಾನಾಗಿಯೇ ಮಡಚಿಕೊಂಡಿತು. ಅಯ್ಯೋ, ಈ ಕಾಲದ ಕಾರುಗಳೆಲ್ಲ ತನ್ನ ಹಳೆಯ ಗಾಡಿಯ ಅಕ್ಕತಂಗಿಯರೇ ಆಗಬೇಕೇ! ಅಲ್ಲಿಂದ ಕಾಲ್ಕೀಳಲು ತಿರುಗಿದಾಗ ಗಾಜಿನ ಗೋಡೆಯ ಪಕ್ಕ ನಿಂಬೆಹಣ್ಣಿನ ಬಣ್ಣದ ಒಂದು ಪುಟ್ಟ ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿತ್ತು.

"ಇದಕ್ಕೆ ಹಿಂದೆ ಸೀಟಿಲ್ವಾ?" ಎಂದು ಕೇಳಿದ.

"ಇಲ್ಲ ಸರ್, ಎರಡೇ ಸೀಟು. ಇದು ಸ್ಪೋರ್ಟ್ಸ್ ಕಾರು. ಟರ್ಬೋ ಎಂಜಿನ್ನು. ಚಿಕ್ಕ ವಯಸ್ಸಿನೋರು ತಗೊಳ್ತಾರೆ."

"ಈ ಸೀಟು ಪೂರ್ತಿ ಹಿಂದಕ್ಕೆ ಬಾಗುತ್ತಾ?"

"ಇಲ್ಲ ಸರ್, ಸ್ವಲ್ಪ ಮಾತ್ರ. ಕ್ಷಮಿಸಿ."

"ಕ್ಷಮಿಸೋದೇನು ಬಂತು! ಇದನ್ನೇ ಕೊಡಿ" ಎಂದ ನಿಧಾನಪ್ಪ. ಸೇಲ್ಸ್‌ಮನ್ ಇಷ್ಟು ಸುಲಭವಾಗಿ ಆ ಕಾರನ್ನು ಹಿಂದೆಂದೂ ಮಾರಿರಲಿಕ್ಕಿಲ್ಲ.

ಕಾರು ಕೈಗೆ ಕೊಡುವ ದಿನ ಅವನು ಟರ್ಬೋ ಎಂದರೇನು ಎಂದು ವಿವರಿಸಿದ. ಎಂಜಿನ್ನು ಹೊರಗೆ ಬಿಡುವ ಹೊಗೆಯನ್ನು ಸುಮ್ಮನೆ ಹೋಗಲು ಬಿಡುವುದಿಲ್ಲವಂತೆ, ಅದರಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ ಹೆಚ್ಚು ಗಾಳಿಯನ್ನು ಒಳಕ್ಕೆ ನೂಕುತ್ತದಂತೆ. "ಪೆಡಲ್ ಒತ್ತಿದ ತಕ್ಷಣ ಏನೂ ಆಗಲ್ಲ ಸರ್, ಒಂದು ಕ್ಷಣ ಸುಮ್ಮನಿರುತ್ತೆ. ಆಮೇಲೆ ನೋಡಿ!" ಎಂದ. ಮೊದಲ ಸಾವಿರ ಕಿಲೋಮೀಟರು ಮಾತ್ರ ಜೋರಾಗಿ ಒತ್ತಬೇಡಿ, ಎಂಜಿನ್ನು ಪಳಗಲಿ ಎಂದೂ ಹೇಳಿದ. ಆ ಬುದ್ಧಿಮಾತು ನಿಧಾನಪ್ಪನಿಗೆ ಬೇಕಿರಲಿಲ್ಲ.

ಮನೆ ಮುಂದೆ ಕಾರು ನಿಂತಾಗ ಹೆಂಡತಿ ಹೊರಗೆ ಬಂದಳು. ಅವಳು ದರ್ಜಿ. ಬೀದಿಗೆ ತೆರೆದ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಕೊರಳಲ್ಲಿ ಅಳತೆ ಟೇಪು, ತುಟಿಯ ನಡುವೆ ಗುಂಡುಪಿನ್ನು. ಕಾರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಪಿನ್ನುಗಳನ್ನು ಕೈಗೆ ತೆಗೆದುಕೊಂಡು, "ಬಣ್ಣ ಚೆನ್ನಾಗಿದೆ" ಎಂದಳು.

"ಒಂದು ಸುತ್ತು ಹೋಗಿ ಬರೋಣ್ವಾ?"

"ಹೊಲಿಗೆ ಇದೆ ರೀ."

ಮರುದಿನವೂ ಹೊಲಿಗೆ ಇತ್ತು. ಅದರ ಮರುದಿನ ತಲೆನೋವು. ಆಮೇಲೆ, "ಅಷ್ಟು ತಗ್ಗಿನಲ್ಲಿ ಕೂತ್ರೆ ನನ್ನ ಮಂಡಿ ಏಳೋಕೆ ಬಿಡುತ್ತಾ?" ಎಂದಳು. ಜಪ್ಪಯ್ಯ ಅಂದರೂ ಹತ್ತಲಿಲ್ಲ. ಅವಳ ಅಕ್ಕ ಪಕ್ಕದ ಊರಿನಲ್ಲಿದ್ದಾಳೆ. ಅಲ್ಲಿಗೆ ಇದ್ದ ನೇರ ಬಸ್ಸು ಆ ತಿಂಗಳು ನಿಂತುಹೋಗಿತ್ತು. "ನಾನೇ ಬಿಡ್ತೀನಲ್ಲ" ಎಂದು ಇವನು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತರೆ, ಅವಳು ಚೀಲ ಹೆಗಲಿಗೇರಿಸಿ, ನೋಯುವ ಮಂಡಿಯಲ್ಲೇ ನಡೆದು ಹೋಗಿ ಎರಡು ಬಸ್ಸು ಬದಲಾಯಿಸಿ ಅಕ್ಕನ ಮನೆ ಸೇರಿದಳು. ಅಂದು ನಿಧಾನಪ್ಪ ಊಟ ಮಾಡಲಿಲ್ಲ. ಕಾರಿನ ಮೇಲಿನ ಧೂಳು ಒರೆಸಿದ, ಮತ್ತೆ ಒರೆಸಿದ. ಧೂಳೇ ಇರಲಿಲ್ಲ.

ಶೋರೂಮಿನಿಂದ ಒಂದು ಹುಡುಗಿ ಫೋನ್ ಮಾಡಿದಳು. ಹೊಸ ಗಾಡಿ ತೆಗೆದುಕೊಂಡವರ ಅಭಿಪ್ರಾಯ ಕೇಳುವುದು ಅವಳ ಕೆಲಸವಂತೆ.

"ಗಾಡಿ ಪಿಕಪ್ ಹೇಗಿದೆ ಸರ್?"

"ಇನ್ನೂ ನೋಡಿಲ್ಲಮ್ಮ."

"ಎಂಜಿನ್ ಸೌಂಡ್ ಇಷ್ಟ ಆಯ್ತಾ?"

"ಸೌಂಡ್ ಬರುತ್ತಾ ಅದು?"

ಹುಡುಗಿ ಆ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋದಳು. "ಮನೆಯವರೆಲ್ಲ ಏನಂತಾರೆ ಸರ್, ಖುಷಿಯಾಗಿದಾರಾ?" ಎಂದಳು.

ನಿಧಾನಪ್ಪ ಹೊಲಿಗೆ ಕೋಣೆಯ ಕಡೆ ನೋಡಿದ. "ಬಣ್ಣ ಚೆನ್ನಾಗಿದೆ ಅಂದ್ರು" ಎಂದು ಫೋನಿಟ್ಟ.

ಹುಡುಗಿಗೆ ಸುಳ್ಳು ಹೇಳಿರಲಿಲ್ಲ. ಆ ಕಾರಿನ ಎಂಜಿನ್ನು ಏನು ಮಾಡಬಲ್ಲದು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಸಾವಿರ ಕಿಲೋಮೀಟರು ಪಳಗಿಸುವ ನೆಪದಲ್ಲಿ ದಿನಾ ಊರು ಸುತ್ತುತ್ತಿದ್ದ, ಆದರೆ ಕಾಲು ಕೇಳಬೇಕಲ್ಲ! ಕಾಲಿಗೆ ಗೊತ್ತಿದ್ದದ್ದು ಒಂದೇ ವೇಗ. ಕಣ್ಣು ಕನ್ನಡಿಗೇ ಓಡುತ್ತಿತ್ತು. ಹಿಂದೆ ಯಾರಾದರೂ ದೂರ ಉಳಿದದ್ದು ಕಂಡರೆ ಸಾಕು, ಪಾಪ ಬರಲಿ ಎಂದು ಇನ್ನಷ್ಟು ನಿಧಾನ ಮಾಡುತ್ತಿದ್ದ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ ಸಾಲುಗಟ್ಟುತ್ತಿದ್ದರು.

ಒಂದು ಬೆಳಗ್ಗೆ ತರಕಾರಿಗೆಂದು ಹೊರಟ. ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ಶಾಲೆ ಬಸ್ಸು, ಅದರ ಹಿಂದೆ ಸ್ಕೂಟರುಗಳ ಸಾಲು. ಬೀದಿ ಮೂಲೆಯ ಕ್ಷೌರದಂಗಡಿಯವನು ಸ್ಟೀರಿಂಗ್ ಹಿಂದೆ ಯಾರಿದ್ದಾರೆ ಎಂದು ನೋಡಿದ, ಕಾರಿನ ಬಣ್ಣ ನೋಡಲಿಲ್ಲ. ಹಳೇ ಅಭ್ಯಾಸ, ರೇಡಿಯೋ ಸಣ್ಣಗೆ ಮಾಡಿ ಕತ್ತರಿ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. ಅರ್ಧ ಕ್ಷೌರವಾದ ಗಿರಾಕಿಯೂ ಎದ್ದು ನಿಂತ. ಎದುರಿನ ಅಂಗಡಿಯವರೂ ನಿಂತರು. ಸಿಗ್ನಲ್ಲಿನಲ್ಲಿ ಒಬ್ಬ ಅಪರಿಚಿತ ಸ್ಕೂಟರನ್ನು ಪಕ್ಕಕ್ಕೆ ತಂದು, ಹೆಲ್ಮೆಟ್ ತೆಗೆದು, ಮೆಲ್ಲಗೆ ಕೇಳಿದ:

"ತೀರ್ಕೊಂಡಿದ್ದು ಯಾರು ಸರ್?"

"ಯಾರೂ ಇಲ್ಲಪ್ಪ. ನಾನು ಟೊಮೇಟೊ ತರೋಕೆ ಹೊರಟಿದೀನಿ."

ಸಂಜೆ ಮಗಳು ಮನೆಗೆ ಬಂದಳು. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ದಿನವಿಡೀ ಬೇರೆಯವರ ನಗುವನ್ನು ಅಚ್ಚು ಹಾಕುವವಳು ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಾಳೆ. ಮೆರವಣಿಗೆಯ ಕತೆ ಅಷ್ಟರಲ್ಲಿ ಅವಳ ಕಿವಿಗೂ ಬಿದ್ದಿತ್ತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಡಿ ಅಪ್ಪಾ, ನನ್ನನ್ನಾದ್ರೂ ಕರ್ಕೊಂಡು ಹೋಗು" ಎಂದು ಪಕ್ಕದಲ್ಲಿ ಕೂತಳು. ಎರಡು ಬೀದಿ ದಾಟುವಷ್ಟರಲ್ಲಿ ಅವಳ ನಗು ನಿಂತಿತು. ಸುಮ್ಮನೆ ಫೋನು ತೆಗೆದು ಅಪ್ಪನ ಫೋಟೋ ಹಿಡಿದಳು. ಮನೆಗೆ ಬಂದ ಮೇಲೆ ಅವನ ಮುಂದಿಟ್ಟಳು.

"ನೋಡು. ಟರ್ಬೋ ಕಾರು ಓಡಿಸೋರ ಮುಖಾನಾ ಇದು?"

ಫೋಟೋದಲ್ಲಿ ಇದ್ದವನ ದವಡೆ ಬಿಗಿದಿತ್ತು. ತುಟಿ ಹೊಲಿದ ಹಾಗಿತ್ತು. ಕಣ್ಣು ಕನ್ನಡಿಯಲ್ಲಿ ನೆಟ್ಟಿತ್ತು. ನಿಧಾನಪ್ಪ ತನ್ನ ಕೆಲಸದ ಮುಖವನ್ನು ತಾನು ಯಾವತ್ತೂ ನೋಡಿರಲಿಲ್ಲ.

"ಇದಕ್ಕೇ ನಾನು ಕೂರಲ್ಲ ಅನ್ನೋದು" ಎಂದಳು ಹೆಂಡತಿ, ಯಂತ್ರದ ಹಿಂದಿನಿಂದ.

ಅಪ್ಪ ಮಗಳು ಇಬ್ಬರೂ ತಿರುಗಿದರು. ಅವಳು ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದ್ದಳು.

"ಮದುವೆಯಾದ ಹೊಸದು. ನಾನು ಬಸ್ಸಲ್ಲಿದ್ದೆ. ನಿಮ್ಮ ಗಾಡಿ ಪಕ್ಕದಲ್ಲೇ ಬಂತು. ಖುಷಿಯಾಗೋಯ್ತು ನಂಗೆ, ಕಿಟಕಿಯಿಂದ ಕೈ ಆಡಿಸ್ದೆ. ನೀವು ನನ್ನನ್ನ ನೋಡಿದ್ರಿ ರೀ. ನೇರ ನನ್ನ ಮುಖಾನೇ ನೋಡಿದ್ರಿ. ಗುರುತೇ ಹಿಡೀಲಿಲ್ಲ. ಆ ಗಾಡೀಲಿ ಕೂತಿದ್ದೋರು ನನ್ನ ಗಂಡ ಅಲ್ಲ ಅನ್ನಿಸ್ತು. ಆ ಮುಖ ತೊಳ್ಕೊಂಡು ಮನೆಗೆ ಬರ್ತೀರಲ್ಲ, ಅವರು ನನ್ನ ಗಂಡ. ಅವರ ಜೊತೆ ಬಾಳ್ವೆ ಮಾಡಿದೀನಿ, ಸಾಕು. ಆ ಇನ್ನೊಬ್ರ ಪಕ್ಕ ಕೂರೋಕೆ ನಂಗೆ ಭಯ."

ಅಂಥ ಮುಖವಿಲ್ಲದೆ ಆ ಕೆಲಸ ಮಾಡಲಾಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಮಗುವನ್ನು ಸಾಗಿಸಿದ ದಿನಗಳಿದ್ದವು, ಮದುವೆ ನಿಶ್ಚಯವಾಗಿದ್ದ ಹುಡುಗಿಯನ್ನು ಸಾಗಿಸಿದ ದಿನಗಳಿದ್ದವು. ಡ್ರೈವರು ಅತ್ತರೆ ಗಾಡಿ ಓಡಿಸುವವರು ಯಾರು? ಆದರೆ ಬಸ್ಸಿನ ಕಿಟಕಿಯಲ್ಲಿ ಆಡಿದ ಆ ಕೈ ಅವನ ನೆನಪಿನಲ್ಲಿ ಇರಲೇ ಇಲ್ಲ. ಎಷ್ಟು ಕೆದಕಿದರೂ ಸಿಗಲಿಲ್ಲ. ಕಾರು ಮಾರಿಬಿಡೋಣ ಎನ್ನಿಸಿತು. ರಾತ್ರಿ ಮಲಗುವ ಮುಂಚೆ ಹಾಗೆಂದು ಹೇಳಿಯೂ ಬಿಟ್ಟ.

"ಮಾರೋದ್ಯಾಕೆ?" ಎಂದಳು ಅವಳು. "ಒಂದು ಸಲ ಕಾರಿನ ಹಾಗೆ ಓಡಿಸಿ ನೋಡಿ."

ಬೆಳಕು ಹರಿದ ಮೇಲೆ ನಿಧಾನಪ್ಪ ಒಬ್ಬನೇ ಹೊರಟ. ಊರಾಚೆ ಮುಚ್ಚಿದ ಗಾಜಿನ ಕಾರ್ಖಾನೆಯ ಹಿಂದೆ ಒಂದು ಅಗಲವಾದ ರಸ್ತೆ ಇದೆ. ಲಾರಿಗಳಿಗೆಂದು ಹಾಕಿದ್ದು, ಈಗ ಅಲ್ಲಿ ಕಾಗೆಗಳೇ ಯಜಮಾನರು. ಎಂಜಿನ್ನು ಪಳಗುವ ಕಿಲೋಮೀಟರುಗಳು ಹಿಂದಿನ ದಿನವೇ ಮುಗಿದಿದ್ದವು. ಕಾರನ್ನು ರಸ್ತೆಯ ತುದಿಯಲ್ಲಿ ನಿಲ್ಲಿಸಿದ. ಕನ್ನಡಿ ನೋಡಿದ. ಯಾರೂ ಇಲ್ಲ. ಮತ್ತೆ ನೋಡಿದ. ಛೀ, ಏನಿದು ಹಾಳು ಚಾಳಿ ಎಂದು ತನ್ನನ್ನೇ ಬೈದುಕೊಂಡ. ಗೇರು ಹಾಕಿ ಹೊರಟು, ಹಲ್ಲು ಕಚ್ಚಿ, ಪೆಡಲನ್ನು ನೆಲಕ್ಕೆ ಒತ್ತಿದ.

ಏನೂ ಆಗಲಿಲ್ಲ. ಸೇಲ್ಸ್‌ಮನ್ ಹೇಳಿದ ಆ ಒಂದು ಕ್ಷಣ. ಎಲ್ಲಿಂದಲೋ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದು ಬಂತು.

ಆಮೇಲೆ ಕಾರು ಹಾರಿತು! ಬೆನ್ನು ಸೀಟಿಗೆ ಅಂಟಿತು, ಹೊಟ್ಟೆ ಎಲ್ಲೋ ಹಿಂದೆ ಉಳಿಯಿತು, ಕಾಗೆಗಳು ದಿಕ್ಕಾಪಾಲಾದವು. ಎಂಜಿನ್ನು ಹುಚ್ಚೆದ್ದು ಕೂಗುತ್ತಿತ್ತು, ಅದರ ಜೊತೆ ಇನ್ಯಾರೋ ಕೂಗುತ್ತಿದ್ದರು. ಯಾರು ಎಂದು ನೋಡಿದರೆ ತಾನೇ. "ಅಯ್ಯಯ್ಯಯ್ಯೋ!" ಎಂದು ಬಾಯಿ ಇಷ್ಟಗಲ ತೆರೆದುಕೊಂಡಿತ್ತು. ಆ ಕೂಗು ಯಾವಾಗ ನಗುವಾಯಿತೋ ಅವನಿಗೆ ತಿಳಿಯಲಿಲ್ಲ. ರಸ್ತೆ ಮುಗಿಯುವ ಮೊದಲು ಕಾರು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಕೊಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಗಾಡಿಯೊಳಗೆ ತಾನು ನಕ್ಕದ್ದು ಜೀವಮಾನದಲ್ಲಿ ಅದೇ ಮೊದಲು. ಕಾರು ತಿರುಗಿಸಿ ಇನ್ನೊಮ್ಮೆ ಒತ್ತಿದ. ಮತ್ತೊಮ್ಮೆ ಒತ್ತಿದ.

ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಹೊಲಿಗೆ ಕೋಣೆಗೆ ನುಗ್ಗಿದ.

"ಏನು ಓಡುತ್ತೆ ಗೊತ್ತೇನೇ ಅದು! ಮೊದಲು ಸುಮ್ನಿರುತ್ತೆ, ಏನೂ ಗೊತ್ತಿಲ್ಲದೋರ ಥರ. ಇನ್ನೇನು ಕೆಟ್ಟೋಯ್ತು ಅನ್ನೋವಾಗ ಹಿಂದಿನಿಂದ ಯಾರೋ ಎತ್ತಿ ಒಗೆದ ಹಾಗೆ... ಹಿಂಗೆ!" ಎಂದು ಕೈ ಬೀಸಿದ. ಗುಂಡಿಗಳ ಡಬ್ಬ ಉರುಳಿ ಶರಟಿನ ಗುಂಡಿಗಳೆಲ್ಲ ಕೋಣೆ ತುಂಬ ಚೆಲ್ಲಾಡಿದವು. ಅವನಿಗೆ ಅದರ ಪರಿವೆಯೇ ಇಲ್ಲ. ಕಾಗೆಗಳ ವಿಷಯ ಹೇಳಿದ, ಹೊಟ್ಟೆಯ ವಿಷಯ ಹೇಳಿದ, ತಾನು ಕೂಗಿದ್ದನ್ನು ಕೂಗಿಯೇ ತೋರಿಸಿದ.

ಅವಳು ಗುಂಡಿಗಳನ್ನು ನೋಡಲಿಲ್ಲ, ಬೈಯಲೂ ಇಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ನೋಡಿ ನೋಡಿ, ಯಂತ್ರಕ್ಕೆ ಹೊದಿಕೆ ಹಾಕಿದಳು.

"ಬೀದಿ ಕೊನೆವರೆಗೆ ಮಾತ್ರ" ಎಂದಳು. "ಅದಕ್ಕಿಂತ ಮುಂದಕ್ಕೆ ಹೋದ್ರೆ ಹಾರಿ ಬಿಡ್ತೀನಿ."

ಅವಳು ಕೂತಾಗ ಕಾರು ಸ್ವಲ್ಪ ತಗ್ಗಿತು. ಪಕ್ಕದಲ್ಲಿ ಅವಳು ಉಸಿರಾಡುವುದು ನಿಧಾನಪ್ಪನಿಗೆ ಕೇಳಿಸುತ್ತಿತ್ತು. ಅವಳ ಬಳೆಯ ಸದ್ದು, ಸೀಟಿನ ಬೆಲ್ಟು ಸಿಗದೆ ಅವಳು ಗೊಣಗಿದ್ದು, ಎಲ್ಲ ಕೇಳಿಸುತ್ತಿತ್ತು. ಬಂಗಾರ ಸಾಗಿಸುವವನ ಹಾಗೆ ಕಾರು ಹೊರಡಿಸಿದ. ಅಷ್ಟೇ, ದವಡೆ ಬಿಗಿಯಿತು. ತುಟಿ ಅಂಟಿತು. ಕಣ್ಣು ಕನ್ನಡಿಗೆ ಓಡಿತು. ಅವನಿಗೇ ಗೊತ್ತಾಗುತ್ತಿತ್ತು, ಆದರೆ ತಡೆಯಲಾಗಲಿಲ್ಲ. ಮುಗಿಯಿತು ಕತೆ, ಈಗ ಇಳಿದು ಹೋಗುತ್ತಾಳೆ ಎಂದುಕೊಂಡ.

ಅವಳು ಕೈ ಚಾಚಿ ನಡುವಿನ ಕನ್ನಡಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅದರಲ್ಲಿ ಮುಖ ನೋಡಿಕೊಂಡು ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡಳು.

"ಹಿಂದೆ ಯಾರೂ ಬರ್ತಿಲ್ಲ ರೀ" ಎಂದಳು.

ಬೀದಿಯ ಕೊನೆ ಬಂತು. ಅವಳು ಹಾರಲಿಲ್ಲ. ದೊಡ್ಡ ರಸ್ತೆ ಬಂತು. "ಎಡಕ್ಕೆ ತಗೊಳ್ಳಿ" ಎಂದಳು. ಎಡಕ್ಕೆ ಹೋದರೆ ಅಕ್ಕನ ಊರಿನ ದಾರಿ. ಊರು ದಾಟಿ, ರಸ್ತೆ ತೆರೆದುಕೊಂಡ ಮೇಲೆ, "ಅದೇನೋ ಕೂಗಿದ್ರಲ್ಲ, ಅದನ್ನ ಮಾಡಿ" ಎಂದಳು. ನಿಧಾನಪ್ಪ ಒತ್ತಿದ. ಆ ಒಂದು ಕ್ಷಣ ಸುಮ್ಮನಿತ್ತು, "ಇಷ್ಟೇನಾ?" ಎಂದು ಅವಳು ಕೇಳುತ್ತಿದ್ದ ಹಾಗೇ ಕಾರು ಎತ್ತಿ ಒಗೆಯಿತು. ಅವಳ ಕಿರುಚಾಟಕ್ಕೆ ಎಂಜಿನ್ನೇ ಕೇಳಿಸಲಿಲ್ಲ! ಗಂಡನ ತೋಳಿಗೆ ಗುದ್ದಿದಳು, ಅವನ ಅಪ್ಪ ಅಮ್ಮನನ್ನೆಲ್ಲ ಬೈದಳು, ತಲೆ ಕೆಟ್ಟಿದೆಯಾ ಎಂದಳು, ನಗು ತಡೆಯಲಾರದೆ ಬಿಕ್ಕಿದಳು. ಆಮೇಲೆ ಇಡೀ ದಾರಿ ಅವಳ ಬಾಯಿ ನಿಲ್ಲಲಿಲ್ಲ. ಗುಂಡಿ ನೋಡಿಕೊಳ್ಳಿ, ಲಾರಿ ಹತ್ತಿರ ಹೋಗಬೇಡಿ, ಇಷ್ಟು ನಿಧಾನ ಯಾಕೆ, ಇಷ್ಟು ಜೋರು ಯಾಕೆ, ಆ ತಿರುವಿನಲ್ಲಿ ಹಾಗಾ ತಿರುಗಿಸೋದು? ಇಷ್ಟು ವರ್ಷಗಳಲ್ಲಿ ಅವನು ಗಾಡಿಯಲ್ಲಿ ಸಾಗಿಸಿದವರಲ್ಲಿ ಒಬ್ಬರಾದರೂ ಅವನ ಡ್ರೈವಿಂಗಿನಲ್ಲಿ ತಪ್ಪು ಹುಡುಕಿದವರಿಲ್ಲ. ನಿಧಾನಪ್ಪ ಎಲ್ಲಕ್ಕೂ ಹೂಂ ಹೂಂ ಎನ್ನುತ್ತ, ಕೆನ್ನೆ ನೋಯುವಷ್ಟು ನಗುತ್ತ ಓಡಿಸಿದ.

ಅಕ್ಕನ ಮನೆಯ ಗೇಟಿನ ಮುಂದೆ ಕಾರು ನಿಂತಿತು. ಅವಳು ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಳು. ಸೀಟು ತಗ್ಗು, ಮಂಡಿ ಹಟಮಾರಿ. ಅರ್ಧ ಎದ್ದು ಮತ್ತೆ ಕುಸಿದಳು. ನಿಧಾನಪ್ಪ ಇಳಿದು ಆ ಕಡೆಗೆ ಬಂದು ಕೈ ಚಾಚಿದ.

"ಬಿಡಿ ರೀ, ನಾನೇ ಇಳೀತೀನಿ" ಎಂದಳು. ಬಾಗಿಲಿನ ಅಂಚು ಹಿಡಿದು, ಕಾರಿನ ಕಂಪನಿಗೊಂದಿಷ್ಟು ಶಾಪ ಹಾಕಿ, ಎದ್ದು ನಿಂತಳು. ಬಟ್ಟೆ ಕೊಡವಿಕೊಂಡಳು. ದಡಾರನೆ ಬಾಗಿಲು ಹಾಕಿ, "ಅಕ್ಕಾ! ಬಸ್ಸಲ್ಲಿ ಬರ್ಲಿಲ್ಲ ಕಣೇ ನಾನು!" ಎಂದು ಕೂಗುತ್ತ ಗೇಟು ತಳ್ಳಿಕೊಂಡು ಒಳಗೆ ನಡೆದಳು.

ನಿಧಾನಪ್ಪ ಚಾಚಿದ ಕೈಯನ್ನು ಹಾಗೆಯೇ ಹಿಡಿದು ನಿಂತಿದ್ದ. ದಾರಿ ಮುಗಿದಾಗ ಅವನ ಗಾಡಿಯಿಂದ ಇಳಿಸಲು ಸದಾ ನಾಲ್ಕು ಜನ ಬರಬೇಕಾಗುತ್ತಿತ್ತು. ತಮ್ಮ ಕಾಲ ಮೇಲೆ ತಾವೇ ಇಳಿದು, ಅವನ ಕಡೆ ತಿರುಗಿಯೂ ನೋಡದೆ, ಮಾತಾಡುತ್ತ ನಡೆದು ಹೋದವರನ್ನು ಅವನು ಕಣ್ತುಂಬ ನೋಡಿದ್ದು ಇದೇ ಮೊದಲು. ನೋಡುತ್ತ ನಿಂತವನಿಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

ಅವಳು ಮೆಟ್ಟಿಲ ಬಳಿ ತಿರುಗಿದಳು. "ಅಲ್ಲೇನು ಕಂಬದ ಥರ ನಿಂತಿದೀರಿ? ಬನ್ನಿ, ಟೀ ಕುಡಿದು ಬೇಗ ಹೊರಡೋಣ. ವಾಪಸ್ ಹೋಗುವಾಗ ಇನ್ನೊಂದ್ಸಲ ಹಾಗೆ ಮಾಡ್ಬೇಕು."

"ಬಂದೆ ಕಣೇ, ಬಂದೆ" ಎನ್ನುತ್ತ ನಿಧಾನಪ್ಪ ಓಡಿದ.